ಸೆಕೆ, ಒಂದು ಜೋರು ಮಳೆ, ಮನೆ ತುಂಬ ಹುಳು: ಔಷಧಿ ಹೊಡೆಸಬೇಕೇ? ಜೇಡಗಳನ್ನು ಏನು ಮಾಡುವುದು?

ಮಾಳಿಗೆಮನೆ:

ವಾರಗಟ್ಟಲೆ ಮೈ ಸುಡುವ ಸೆಕೆ, ಎಲೆ ಅಲುಗುವಷ್ಟೂ ಗಾಳಿ ಇಲ್ಲ. ಮೊನ್ನೆ ಸಂಜೆ ಗುಡುಗಿನ ಜೊತೆ ಜೋರು ಮಳೆ ಸುರಿಯಿತು. ದೀಪ ಹಾಕಿದ್ದೇ ತಡ, ರೆಕ್ಕೆಯ ಹುಳುಗಳು ಎಲ್ಲಿಂದಲೋ ನುಗ್ಗಿ ಬಂದವು. ಬೆಳಿಗ್ಗೆ ನೋಡಿದರೆ ನೆಲದ ಮೇಲೆ ಹುಳುಗಳಿಗಿಂತ ಉದುರಿದ ರೆಕ್ಕೆಗಳೇ ಹೆಚ್ಚು. ಬಚ್ಚಲಲ್ಲಿ ಇರುವೆ ಸಾಲು, ಮೋರಿಯ ಬಾಯಲ್ಲಿ ಜಿರಳೆ, ಹಗಲು ಹೊತ್ತಿನಲ್ಲೇ ಕಾಲಿಗೆ ಮುತ್ತುವ ಸೊಳ್ಳೆ. ಇದರ ಮೇಲೆ ಬೀರುವಿನ ಹಿಂದಿನ ಗೋಡೆಯಲ್ಲಿ ಅಂಗೈ ಅಗಲದ ಎರಡು ಜೇಡ.

ಮನೆಯಲ್ಲಿ ಎರಡು ವರ್ಷದ ಮಗಳಿದ್ದಾಳೆ, ವಯಸ್ಸಾದ ಅತ್ತೆ ಇದ್ದಾರೆ. ಇಡೀ ಮನೆಗೆ ಔಷಧಿ ಹೊಡೆಸಿಬಿಡೋಣ ಎಂದು ಯಜಮಾನರು, ಮಗು ನೆಲದ ಮೇಲೆ ಆಡುವ ಮನೆಯಲ್ಲಿ ವಿಷ ಬೇಡವೇ ಬೇಡ ಎಂದು ಅತ್ತೆ. ಇವುಗಳಲ್ಲಿ ನಿಜವಾಗಿ ಹೆದರಬೇಕಾದದ್ದು ಯಾವುದಕ್ಕೆ, ಸುಮ್ಮನೆ ಬಿಡಬಹುದಾದದ್ದು ಯಾವುದನ್ನು? ತಿಳಿದವರು ಹೇಳಿ. ಮುಂದಿನ ವಾರ ಮತ್ತೆ ಮಳೆ ಇದೆ ಎನ್ನುತ್ತಿದ್ದಾರೆ.

ಹಳೆಯಶಾಲೆ:

ತಾಯಿ, ಹವೆಯಿಂದ ಶುರು ಮಾಡುತ್ತೇನೆ. ಉಳಿದದ್ದೆಲ್ಲ ಅದರ ಬೆನ್ನಿಗೇ ಬರುತ್ತದೆ. ನಾನು ವಿಜ್ಞಾನ ಕಲಿಸಿ ನಿವೃತ್ತನಾದವನು. ಮಳೆಮಾಪಕದ ಲೆಕ್ಕ, ದಿನದ ಕನಿಷ್ಠ ಗರಿಷ್ಠ ಉಷ್ಣಾಂಶ ಬರೆದಿಡುವ ಅಭ್ಯಾಸ ಇನ್ನೂ ಬಿಟ್ಟಿಲ್ಲ.

ಹುಳುಗಳಿಗೆ ನಮ್ಮಂತೆ ಒಂದೇ ಹದದ ಮೈಬಿಸಿ ಇಲ್ಲ. ಹೊರಗೆ ಬಿಸಿ ಏರಿದಂತೆ ಅವುಗಳ ಬೆಳವಣಿಗೆ ಚುರುಕಾಗುತ್ತದೆ. ಇದನ್ನು ಲೆಕ್ಕ ಹಾಕುವ ಪದ್ಧತಿಯೇ ಇದೆ. ಫ್ರಾನ್ಸಿನ ವಿಜ್ಞಾನಿ ರೆಯೊಮ್ಯೂರ್ 1735ರಲ್ಲಿ ಬೆಳೆಗಳ ಬಗ್ಗೆ ಹೇಳಿದ ವಿಚಾರ ಮುಂದೆ ಕೀಟಗಳಿಗೂ ಅನ್ವಯವಾಯಿತು. ಒಂದು ಹುಳುವಿನ ಬೆಳವಣಿಗೆ 10 ಡಿಗ್ರಿಗಿಂತ ಕೆಳಗೆ ನಿಂತುಹೋಗುತ್ತದೆ ಎಂದಿಟ್ಟುಕೊಳ್ಳಿ. ದಿನದ ಸರಾಸರಿ 20 ಡಿಗ್ರಿ ಇದ್ದರೆ ಅದರ ಖಾತೆಗೆ 10 ಅಂಕ ಜಮೆಯಾಗುತ್ತದೆ. ಸರಾಸರಿ 30 ಇದ್ದರೆ 20 ಅಂಕ. ಅಂದರೆ ಬೆಳವಣಿಗೆಯ ವೇಗ ಇಮ್ಮಡಿ. ನಿಗದಿತ ಅಂಕ ತುಂಬಿದ ದಿನ ಹುಳು ರೆಕ್ಕೆ ಬಿಚ್ಚಿ ಹಾರುತ್ತದೆ. ರಾತ್ರಿಯೂ ಸೆಕೆ ಇಳಿಯದ ದಿನಗಳಲ್ಲಿ ಈ ಖಾತೆ ಬಹಳ ಬೇಗ ತುಂಬುತ್ತದೆ. ಅದಕ್ಕೇ ನಾನು ಮಧ್ಯಾಹ್ನದ ಬಿಸಿಲಿಗಿಂತ ರಾತ್ರಿಯ ಕನಿಷ್ಠ ಉಷ್ಣಾಂಶದ ಮೇಲೆ ಹೆಚ್ಚು ಕಣ್ಣಿಡುತ್ತೇನೆ. ಮನೆಯ ನೊಣ ಬಿಸಿ ಹವೆಯಲ್ಲಿ 7ರಿಂದ 10 ದಿನದಲ್ಲಿ ಮೊಟ್ಟೆಯಿಂದ ಹಾರುವ ಹಂತಕ್ಕೆ ಬಂದುಬಿಡುತ್ತದೆ. ಹಗಲು ಕಚ್ಚುವ ಈಡಿಸ್ ಸೊಳ್ಳೆಗೂ ಹೆಚ್ಚುಕಡಿಮೆ ಅಷ್ಟೇ ಸಮಯ.

ಈಗ ನಿಮ್ಮ ಮನೆಗೆ ಬನ್ನಿ. ಮೊನ್ನೆಯ ಮಳೆಗೂ ನಿಮಗೆ ಈಗ ಕಚ್ಚುತ್ತಿರುವ ಸೊಳ್ಳೆಗೂ ಸಂಬಂಧವಿಲ್ಲ. ಅದು ಸೆಕೆಯ ದಿನಗಳಲ್ಲಿ ನೀರು ಹಿಡಿದಿಟ್ಟ ಡ್ರಮ್ಮಿನಲ್ಲೋ, ಹೂಕುಂಡದ ತಟ್ಟೆಯಲ್ಲೋ ಹುಟ್ಟಿದ್ದು. ಮೊನ್ನೆಯ ಮಳೆಯ ಸೊಳ್ಳೆ ಇನ್ನೂ ನೀರಿನೊಳಗಿದೆ. ಮುಂದಿನ ವಾರ ಬರುತ್ತದೆ. ಇಂದು ಕಾಣುವ ಹುಳು ಹತ್ತು ದಿನ ಹಿಂದಿನ ಹವೆಯ ಫಲ. ಈ ವಾರ ನೀವು ಮಾಡುವ ಕೆಲಸದ ಫಲವೂ ಮುಂದಿನ ವಾರವೇ ಕಾಣುವುದು. ಇಷ್ಟು ಮನಸ್ಸಿನಲ್ಲಿದ್ದರೆ ಔಷಧಿ ಹೊಡೆಸುವ ಅವಸರ ಅರ್ಧ ಇಳಿಯುತ್ತದೆ.

ರೆಕ್ಕೆಯ ಹುಳುಗಳ ಕಥೆ ಬೇರೆ. ಅವು ಗೆದ್ದಲಿನ ಗಂಡು ಹೆಣ್ಣುಗಳು. ಗೂಡಿನಲ್ಲಿ ಮೊದಲೇ ಸಿದ್ಧವಾಗಿದ್ದು ಒಂದು ಒಳ್ಳೆಯ ಮಳೆಗಾಗಿ ಕಾಯುತ್ತಿರುತ್ತವೆ. ಮಣ್ಣು ಮೆತ್ತಗಾಗಿ, ಗಾಳಿ ನಿಂತು, ತೇವ ತುಂಬಿದ ಸಂಜೆ ಸುತ್ತಲಿನ ಗೂಡುಗಳಿಂದೆಲ್ಲ ಒಟ್ಟಿಗೆ ಹಾರುತ್ತವೆ. ಎಲ್ಲವೂ ಒಂದೇ ಸಂಜೆ ಹೊರಟರೆ ತಿನ್ನುವವರಿಗೆ ತಿಂದು ಮುಗಿಸಲಾಗದು, ಬೇರೆ ಗೂಡಿನ ಜೋಡಿಯೂ ಸಿಗುತ್ತದೆ. ನೆಲಕ್ಕಿಳಿದ ಕೂಡಲೇ ರೆಕ್ಕೆ ಕಳಚಿ ಜೋಡಿಯಾಗಿ ಹೊರಡುತ್ತವೆ. ಕಚ್ಚುವುದಿಲ್ಲ. ಹೊರಗಿನಿಂದ ದೀಪಕ್ಕೆ ಬಂದವಾದರೆ ಗುಡಿಸಿ ಹಾಕಿ, ಅಷ್ಟೇ ಸಾಕು.

ಇರುವೆಗಳು ಸೆಕೆಯಲ್ಲಿ ನೀರು ಹುಡುಕಿ ಬಚ್ಚಲಿಗೆ ಬರುತ್ತವೆ, ಮಳೆಯಲ್ಲಿ ಗೂಡಿಗೆ ನೀರು ನುಗ್ಗಿದರೆ ಮೊಟ್ಟೆ ಮರಿಗಳನ್ನು ಕಚ್ಚಿಕೊಂಡು ಎತ್ತರಕ್ಕೆ ಏರುತ್ತವೆ. ಎರಡೂ ಕಾಲದಲ್ಲಿ ನಮ್ಮ ಮನೆಯೇ ಗುರಿ.

ಪಂಪುಹೊತ್ತವ:

ಮನೆಮನೆಗೆ ಹೋಗಿ ಹುಳುಗಳಿಗೆ ಔಷಧಿ ಹೊಡೆಯುವುದೇ ನನ್ನ ಕಸುಬು, ಸಂಸಾರ ನಡೆಯುವುದೂ ಅದರಿಂದಲೇ. ಆದರೂ ಅಕ್ಕ, ನೀವು ಬರೆದದ್ದು ನೋಡಿದರೆ ಇಡೀ ಮನೆಗೆ ಹೊಡೆಸುವ ಅಗತ್ಯ ನನಗೆ ಕಾಣುವುದಿಲ್ಲ.

ರೆಕ್ಕೆ ಗೆದ್ದಲಿಗೆ ಹೊಡೆದರೆ ಔಷಧಿ ದಂಡ, ಅವು ಹೇಗೂ ಬೆಳಗಾಗುವುದರೊಳಗೆ ಮುಗಿದಿರುತ್ತವೆ. ಸೊಳ್ಳೆಗೆ ಹೊಡೆದರೆ ಆ ಹೊತ್ತು ಹಾರುತ್ತಿರುವುದು ಸಾಯುತ್ತದೆ, ನೀರಲ್ಲಿರುವುದು ನಾಲ್ಕು ದಿನ ಬಿಟ್ಟು ಎದ್ದು ಬರುತ್ತದೆ. ಜಿರಳೆಗೆ ಮಾತ್ರ ಮದ್ದು ಬೇಕು, ಅದೂ ಸಿಂಪಡಣೆಯಲ್ಲ, ಜೆಲ್. ಅಡುಗೆಮನೆಯ ಸಣ್ಣ ಜಾತಿಯ ಹೆಣ್ಣು ಜಿರಳೆ ಒಂದೊಂದು ಮೊಟ್ಟೆ ಚೀಲದಲ್ಲಿ 30ರಿಂದ 40 ಮರಿ ಹೊತ್ತಿರುತ್ತದೆ, ಆ ಚೀಲದ ಒಳಕ್ಕೆ ಸಿಂಪಡಿಸಿದ ಔಷಧಿ ಇಳಿಯುವುದಿಲ್ಲ. ಜೆಲ್ಲನ್ನು ಮೆಣಸಿನ ಕಾಳಿನ ಗಾತ್ರದ ಚುಕ್ಕೆಗಳಾಗಿ ಬಾಗಿಲ ತಿರುಗಣೆ, ಸಿಂಕಿನ ಅಡಿ, ಫ್ರಿಜ್ಜಿನ ಹಿಂದಿನ ಕತ್ತಲೆಯಲ್ಲಿ ಇಡಬೇಕು. ಒಂದು ದೊಡ್ಡ ಮುದ್ದೆಗಿಂತ ಹತ್ತು ಚುಕ್ಕೆ ಮೇಲು. ಜೆಲ್ ಇಟ್ಟ ಜಾಗದಲ್ಲಿ ಸ್ಪ್ರೇ ಹೊಡೆಯಬೇಡಿ. ಆ ವಾಸನೆಗೆ ಜಿರಳೆ ಜೆಲ್ ಮುಟ್ಟುವುದಿಲ್ಲ. ಮನೆಯಲ್ಲಿ ಬಹಳಷ್ಟು ಸಲ ಆಗುವ ಎಡವಟ್ಟು ಇದೇ: ಬೆಳಿಗ್ಗೆ ನಾವು ಜೆಲ್ ಇಟ್ಟು ಬಂದಿರುತ್ತೇವೆ, ರಾತ್ರಿ ಯಾರೋ ಒಬ್ಬರು ಅದರ ಮೇಲೇ ಡಬ್ಬಿ ಒತ್ತಿರುತ್ತಾರೆ.

ಇರುವೆ ಸಾಲನ್ನು ಸೋಪು ನೀರಿನಿಂದ ಒರೆಸಿ. ದಾರಿ ಹಿಡಿಯುವ ವಾಸನೆ ಅಳಿಸಿಹೋಗುತ್ತದೆ. ಮತ್ತೆ ಮತ್ತೆ ಬಂದರೆ ಸಕ್ಕರೆ ನೀರಿಗೆ ಬೋರಿಕ್ ಆಮ್ಲ ಶೇ. 1ರಷ್ಟು ಮಾತ್ರ ಬೆರೆಸಿ ಹತ್ತಿಯಲ್ಲಿ ನೆನೆಸಿಡಿ. ಗಟ್ಟಿಯಾಗಿ ಕಲಸಿದರೆ ಇರುವೆ ದಾರಿಯಲ್ಲೇ ಸಾಯುತ್ತದೆ, ಗೂಡು ಹಾಗೇ ಉಳಿಯುತ್ತದೆ. ತೆಳುವಾಗಿದ್ದರೆ ಗೂಡಿಗೆ ಒಯ್ದು ರಾಣಿಗೂ ಉಣಿಸುತ್ತದೆ. ಮಗುವಿನ ಕೈಗೆ ಸಿಗದ ಜಾಗದಲ್ಲಿಡುವುದನ್ನು ಮರೆಯಬೇಡಿ.

ಯಾರನ್ನೇ ಕರೆಸಿದರೂ ಹೊಡೆಯುವ ಔಷಧಿಯ ಹೆಸರು ಕೇಳಿ, ಡಬ್ಬಿಯ ಮೇಲಿನ ಚೀಟಿ ಓದಿ. ಪರ್ಮೆತ್ರಿನ್ ಎಂಬ ಕೀಟನಾಶಕ ಬೆಕ್ಕಿಗೆ ಮತ್ತು ಮೀನಿಗೆ ವಿಷ. ಬೆಕ್ಕು ಸಾಕಿದವರಿಗೆ, ಅಕ್ವೇರಿಯಂ ಇಟ್ಟವರಿಗೆ ಎಷ್ಟೋ ಜನ ಇದನ್ನು ಹೇಳುವುದೇ ಇಲ್ಲ.

ಒಂಟಿಕಿಟಕಿ:

ಜೇಡದ ಬಗ್ಗೆ ಇನ್ನೂ ಯಾರೂ ಬರೆದಿಲ್ಲ. ಬರೆಯುವವರು ಮೊದಲ ಸಾಲಿನಲ್ಲೇ ‘ಜೇಡ ನಮ್ಮ ಮಿತ್ರ’ ಎನ್ನುತ್ತಾರೆ ಎಂಬುದು ನನಗೆ ಗೊತ್ತು. ಇರಬಹುದು. ಆದರೆ ಅಂಗೈ ಅಗಲದ ಜೇಡ ಗೋಡೆಯಲ್ಲಿರುವ ಕೋಣೆಯಲ್ಲಿ ನನಗೆ ಮಲಗಲು ಆಗುವುದಿಲ್ಲ. ಎದೆ ಹೊಡೆದುಕೊಳ್ಳುತ್ತದೆ, ಕೈ ಬೆವರುತ್ತದೆ. ಮಿತ್ರ ಎಂದು ತಿಳಿದ ಮಾತ್ರಕ್ಕೆ ಆ ಭಯ ಹೋಗುವುದಿಲ್ಲ. ಮಾಳಿಗೆಮನೆಯವರೇ, ನಿಮಗೂ ಹಾಗೆ ಅನ್ನಿಸಿದ್ದರೆ ಸಂಕೋಚಪಡಬೇಡಿ, ಹೊರಗೆ ಹಾಕಿಸಿ.

ಜೇಡನೋಟ:

ಒಂಟಿಕಿಟಕಿಯವರೇ, ನಿಮ್ಮ ಭಯವನ್ನು ಹಗುರವಾಗಿ ಕಾಣುವುದಿಲ್ಲ, ಅದಕ್ಕೆ ಮತ್ತೆ ಬರುತ್ತೇನೆ. ಮೊದಲು ಆ ಎರಡು ಜೇಡಗಳು.

ಗೋಡೆಗೆ ಅಂಟಿದಂತೆ ಚಪ್ಪಟೆ ಮೈ, ಏಡಿಯ ಹಾಗೆ ಪಕ್ಕಕ್ಕೆ ಚಾಚಿದ ಕಾಲುಗಳು, ಕಂದು ಬಣ್ಣ, ಸುತ್ತ ಎಲ್ಲೂ ಬಲೆ ಇಲ್ಲ, ದೀಪ ಹಾಕಿದರೆ ಸರ್ರನೆ ಬೀರುವಿನ ಹಿಂದೆ. ಹೀಗಿದ್ದರೆ ಅದು ಹಂಟ್ಸ್‌ಮನ್ ಎಂಬ ಬೇಟೆಗಾರ ಜೇಡ. ಬಲೆ ನೇಯ್ದು ಕಾಯುವ ಜಾತಿಯಲ್ಲ, ಓಡಿ ಹಿಡಿಯುವ ಜಾತಿ. ಬಿಸಿ ಪ್ರದೇಶಗಳ ಮನೆಗಳಲ್ಲಿ ಜಿರಳೆಯನ್ನು ಹಿಡಿದು ತಿನ್ನುವುದರಲ್ಲಿ ಇದನ್ನು ಮೀರಿಸಿದ್ದು ಕಡಿಮೆ. ನಿಮ್ಮ ಮೋರಿಯಿಂದ ಜಿರಳೆ ಬರುತ್ತಿದೆ ಎಂದಿದ್ದೀರಿ. ಜೇಡ ಬಂದಿರುವುದೂ ಅದನ್ನೇ ಹುಡುಕಿಕೊಂಡು. ಮೂಲೆಯಲ್ಲಿ ಉದ್ದ ಸಣಕಲು ಕಾಲಿನ ಇನ್ನೊಂದು ಜೇಡ ತಲೆಕೆಳಗಾಗಿ ನೇತಾಡುತ್ತಿರಬಹುದು, ಮುಟ್ಟಿದರೆ ಕಣ್ಣಿಗೆ ಕಾಣದಷ್ಟು ವೇಗವಾಗಿ ಮೈ ಅಲುಗಿಸುತ್ತದೆ. ‘ಜಗತ್ತಿನಲ್ಲೇ ಅತಿ ವಿಷಕಾರಿ, ಹಲ್ಲು ಮಾತ್ರ ಚಿಕ್ಕದು’ ಎಂದು ಅದರ ಬಗ್ಗೆ ಹರಿದಾಡುವ ಮಾತು ಶುದ್ಧ ಸುಳ್ಳು. ಕಿಟಕಿಯ ಅಂಚಿನಲ್ಲಿ ಕುಪ್ಪಳಿಸುತ್ತಾ, ಕೈ ತೋರಿಸಿದ ಕಡೆ ಮುಖ ತಿರುಗಿಸಿ ನಮ್ಮನ್ನೇ ನೋಡುವ ಪುಟ್ಟ ಜೇಡ ನೊಣ, ಸೊಳ್ಳೆಗಳ ಬೇಟೆಗಾರ. ನಿಮ್ಮ ಮಗಳಿಗೆ ಅದನ್ನು ತೋರಿಸಿ, ಖುಷಿಪಡುತ್ತಾಳೆ.

ವಿಷದ ಮಾತು. ಈವರೆಗೆ ಹೆಸರಿಟ್ಟ ಜೇಡ ಪ್ರಭೇದಗಳ ಸಂಖ್ಯೆ 2022ರಲ್ಲಿ 50,000 ದಾಟಿತು. ಹೆಚ್ಚುಕಡಿಮೆ ಎಲ್ಲಕ್ಕೂ ವಿಷವಿದೆ, ಆದರೆ ಅದು ನೊಣದ ಅಳತೆಯದು. ಮನುಷ್ಯನಿಗೆ ಅಪಾಯ ತರುವವು ಬೆರಳೆಣಿಕೆಯ ಗುಂಪುಗಳು: ವಿಡೋ ಜೇಡಗಳು, ರೆಕ್ಲೂಸ್ ಜೇಡಗಳು, ದಕ್ಷಿಣ ಅಮೆರಿಕದ ಅಲೆಮಾರಿ ಜೇಡ, ಆಸ್ಟ್ರೇಲಿಯಾದ ಫನಲ್‌ವೆಬ್. ಅವುಗಳಲ್ಲಿ ಅತಿ ಭಯಂಕರವಾದ ಸಿಡ್ನಿ ಫನಲ್‌ವೆಬ್‌ಗೂ 1981ರಲ್ಲಿ ಪ್ರತಿವಿಷ ಬಂದಿತು, ಆ ಮೇಲೆ ಅದರ ಕಡಿತದಿಂದ ಒಬ್ಬರೂ ಸತ್ತಿಲ್ಲ. ಹಂಟ್ಸ್‌ಮನ್ ಕೈಯಲ್ಲಿ ಹಿಡಿದು ಹಿಸುಕಿದರೆ ಕಚ್ಚಬಹುದು; ನೋವು, ಊತ ಬಂದು ಇಳಿಯುತ್ತದೆ. ತಾನಾಗಿ ಬಂದು ಕಚ್ಚುವುದಿಲ್ಲ.

2017ರಲ್ಲಿ ಪ್ರಕಟವಾದ ಒಂದು ಅಂದಾಜಿನ ಪ್ರಕಾರ ಜಗತ್ತಿನ ಜೇಡಗಳೆಲ್ಲ ಸೇರಿ ವರ್ಷಕ್ಕೆ 40ರಿಂದ 80 ಕೋಟಿ ಟನ್ ಹುಳುಗಳನ್ನು ತಿನ್ನುತ್ತವೆ. ಈ ಕೆಲಸ ಮಾಡುವವರನ್ನು ಕೊಂದು ಅದೇ ಕೆಲಸಕ್ಕೆ ಹಣ ಕೊಟ್ಟು ವಿಷ ತರುವುದು ನನಗೆ ನೋವಿನ ವಿಷಯ.

ಹೊಸಬೆಳಗು:

ಇದೇ ಮಾತಿಗೆ ಒಂದು ಪ್ರಶ್ನೆ. ಇವತ್ತು ಎದ್ದಾಗ ಕತ್ತಿನ ಮೇಲೆ ಬೆರಳುದ್ದ ಕೆಂಪು ಗೆರೆ, ಬೆಂಕಿ ತಾಗಿದಂಥ ಉರಿ, ಸಣ್ಣ ಗುಳ್ಳೆಗಳು. ಜೇಡ ಹರಿದು ಹೋಗಿದೆ ಎಂದು ಮನೆಯ ಹಿರಿಯರು ಹೇಳುತ್ತಿದ್ದಾರೆ. ಅಪಾಯವಿಲ್ಲ ಎಂದರೆ ಇದೇನು?

ರಾತ್ರಿಪಾಳಿ:

ಆಸ್ಪತ್ರೆಯಲ್ಲಿ ಶುಶ್ರೂಷಕಿಯಾಗಿದ್ದೇನೆ. ಮಳೆ ಬಿದ್ದ ಮರುವಾರ ಇಂಥ ಗೆರೆ ಹೊತ್ತು ಬರುವವರು ಬಹಳ. ನೋಡದೆ ಖಚಿತವಾಗಿ ಹೇಳಲಾಗದು, ಆದರೆ ನೀವು ಬರೆದದ್ದು ಜೇಡದ ಕೆಲಸದಂತೆ ಕಾಣುವುದಿಲ್ಲ. ಪೆಡೆರಸ್ ಎಂಬ ಪುಟ್ಟ ದುಂಬಿ ಇದೆ. ಸುಮಾರು 7ರಿಂದ 10 ಮಿಲಿಮೀಟರ್ ಉದ್ದ, ತಲೆ ಕಪ್ಪು, ಎದೆ ಕಿತ್ತಳೆ, ನಡುವೆ ಕಪ್ಪು ನೀಲಿಯ ಪಟ್ಟಿ, ಮತ್ತೆ ಕಿತ್ತಳೆ, ತುದಿಯಲ್ಲಿ ಕಪ್ಪು. ನೋಡಲು ಉದ್ದನೆಯ ಇರುವೆಯಂತೆ. ತೇವದ ನೆಲದಲ್ಲಿ ಬೆಳೆದು ಮಳೆಯ ನಂತರ ರಾತ್ರಿ ದೀಪಕ್ಕೆ ಬರುತ್ತದೆ. ಕಚ್ಚುವುದಿಲ್ಲ, ಕುಟುಕುವುದೂ ಇಲ್ಲ. ನಿದ್ದೆಗಣ್ಣಿನಲ್ಲಿ ಕತ್ತಿನ ಮೇಲೆ ಹರಿಯುವುದನ್ನು ಕೈಯಿಂದ ಉಜ್ಜುತ್ತೇವಲ್ಲ, ಆಗ ಅದರ ಮೈಯೊಳಗಿನ ಪೆಡೆರಿನ್ ಎಂಬ ವಿಷ ಚರ್ಮಕ್ಕೆ ಬಳಿದುಹೋಗುತ್ತದೆ. ಬೆರಳು ಎಳೆದ ದಾರಿಯಲ್ಲೇ ಗೆರೆ ಮೂಡುತ್ತದೆ. ಉರಿ ಕೂಡಲೇ ಬರುವುದಿಲ್ಲ, 12ರಿಂದ 36 ಗಂಟೆ ಬಿಟ್ಟು ಶುರುವಾಗುತ್ತದೆ. ಆ ಹೊತ್ತಿಗೆ ಹುಳು ಎಲ್ಲೂ ಇರುವುದಿಲ್ಲ, ಮೂಲೆಯ ಜೇಡ ಮಾತ್ರ ಕಣ್ಣಿಗೆ ಬೀಳುತ್ತದೆ, ಅಪವಾದ ಅದರ ತಲೆಗೆ.

ಸೋಪು ಹಚ್ಚಿ ಚೆನ್ನಾಗಿ ತೊಳೆಯಿರಿ, ತಣ್ಣೀರಿನ ಬಟ್ಟೆ ಇಡಿ, ಕೆರೆಯಬೇಡಿ. ಆ ಕೈಯಲ್ಲಿ ಕಣ್ಣು ಮುಟ್ಟಲೇಬೇಡಿ. ಕಣ್ಣಿಗೆ ತಾಗಿದ್ದರೆ, ಗುಳ್ಳೆ ದೊಡ್ಡದಾದರೆ ವೈದ್ಯರಿಗೆ ತೋರಿಸಿ. ದೇಹದ ಒಂದೇ ಪಕ್ಕದಲ್ಲಿ ಪಟ್ಟಿಯಂತೆ ಗುಳ್ಳೆ ಎದ್ದು ಒಳಗಿನಿಂದ ಚುಚ್ಚುವ ನೋವಿದ್ದರೆ ಅದು ಸರ್ಪಸುತ್ತು ಆಗಿರಬಹುದು. ಅದು ವೈರಸ್‌ನಿಂದ ಬರುವುದು, ಅದಕ್ಕೆ ಮೊದಲ ಮೂರು ದಿನದೊಳಗೆ ಮಾತ್ರೆ ಶುರು ಮಾಡಿದರೆ ಒಳ್ಳೆಯದು. ಕೀವು ತುಂಬಿದ ಕುರುವನ್ನೂ ‘ಜೇಡ ಕಚ್ಚಿದ್ದು’ ಎಂದು ತೋರಿಸುವವರಿದ್ದಾರೆ. ಅದು ಬಹುಪಾಲು ಬ್ಯಾಕ್ಟೀರಿಯಾ ಸೋಂಕು. ಇನ್ನು ಮೇಲೆ ಮೈಮೇಲೆ ಹುಳು ಹರಿದರೆ ಉಜ್ಜಬೇಡಿ, ಊದಿ ಬೀಳಿಸಿ ಅಥವಾ ಕಾಗದದ ಮೇಲೆ ಹತ್ತಿಸಿ.

ಮಾಳಿಗೆಮನೆಯವರೇ, ನಿಮ್ಮ ಪಟ್ಟಿಯಲ್ಲಿ ನನಗೆ ನಿಜವಾದ ಹೆದರಿಕೆ ಹಗಲು ಕಚ್ಚುವ ಸೊಳ್ಳೆಯದು. ಕಾಲಿನ ಮೇಲೆ ಬಿಳಿ ಪಟ್ಟೆ ಇದೆಯೇ ನೋಡಿ. ಡೆಂಗಿ, ಚಿಕುನ್‌ಗುನ್ಯಾ ಹರಡುವುದು ಅದೇ. ಜ್ವರ ಬಂದರೆ ಪ್ಯಾರಾಸಿಟಮಾಲ್ ಮಾತ್ರ. ಆಸ್ಪಿರಿನ್, ಐಬುಪ್ರೊಫೆನ್ ಬೇಡ, ರಕ್ತಸ್ರಾವ ಹೆಚ್ಚಿಸಬಹುದು. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ ಎಚ್ಚರದ ಹೊತ್ತು. ‘ಜ್ವರ ಬಿಟ್ಟಿತು’ ಎಂದು ಮನೆಯವರು ನಿರಾಳವಾಗುತ್ತಾರೆ, ಆಗಲೇ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ಮಂಕು ಶುರುವಾಗುತ್ತದೆ. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ.

ಮಗುವಿಗೆ ಸೊಳ್ಳೆ ಮುಲಾಮು ಹಚ್ಚುವಾಗ: ಡೀಟ್ ಎಂಬ ಸೊಳ್ಳೆ ಓಡಿಸುವ ರಾಸಾಯನಿಕ ಇರುವುದು ಎರಡು ತಿಂಗಳು ತುಂಬದ ಕೂಸಿಗೆ ಕೂಡದು, ನಿಂಬೆ ನೀಲಗಿರಿ ಎಣ್ಣೆಯದು ಮೂರು ವರ್ಷದೊಳಗಿನವರಿಗೆ ಬೇಡ, ಹಾಗಾಗಿ ನಿಮ್ಮ ಮಗಳಿಗೂ ಬೇಡ. ಮಕ್ಕಳ ಅಂಗೈಗೆ ಯಾವುದನ್ನೂ ಹಚ್ಚಬಾರದು, ಬಾಯಿಗೆ ಹೋಗುತ್ತದೆ. ಸೊಳ್ಳೆ ಬತ್ತಿ ಮುಚ್ಚಿದ ಕೋಣೆಯಲ್ಲಿ ಬೇಡ. 2003ರ ಒಂದು ಅಧ್ಯಯನದಲ್ಲಿ ಒಂದು ಬತ್ತಿ ಉರಿದಾಗ ಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿಗೆ ಸಮ ಎಂದು ಕಂಡುಬಂತು. ಫ್ಯಾನು ಮತ್ತು ಪರದೆ ಸಾಕು. ಸೊಳ್ಳೆ ಬಹಳ ದುರ್ಬಲ ಹಾರಾಟಗಾರ, ಫ್ಯಾನಿನ ಗಾಳಿಗೆ ಎದುರಾಗಿ ಬರಲು ಒದ್ದಾಡುತ್ತದೆ. ನಮ್ಮ ಉಸಿರಿನ ಜಾಡನ್ನೂ ಆ ಗಾಳಿ ಚದುರಿಸುತ್ತದೆ.

ಹೊಸಬೆಳಗು:

ತುಂಬಾ ಧನ್ಯವಾದ ಅಕ್ಕ. ನೀವು ಹೇಳಿದ ಬಣ್ಣದ ಹುಳು ದೀಪದ ಕೆಳಗೆ ಎರಡು ಕಂಡವು, ಕಾಗದದಲ್ಲಿ ಹೊರಗೆ ಹಾಕಿದೆ. ನೀಲಿ ದೀಪದ ಹುಳು ಕೊಲ್ಲುವ ಯಂತ್ರ ತಂದರೆ ಇವೆಲ್ಲ ನಿಲ್ಲುತ್ತವೆಯೇ?

ತೋಟದಂಚು:

ದಯವಿಟ್ಟು ತರಬೇಡಿ. 1996ರಲ್ಲಿ ಅಮೆರಿಕದ ಡೆಲವೇರ್‌ನಲ್ಲಿ ಅಂಥ ಯಂತ್ರಗಳಲ್ಲಿ ಸತ್ತ ಹುಳುಗಳನ್ನು ಕೂತು ಎಣಿಸಿದರು. ಒಟ್ಟು 13,789, ಅವುಗಳಲ್ಲಿ ಕಚ್ಚುವ ಜಾತಿಯವು 31. ಉಳಿದವು ಪತಂಗಗಳು, ನೀರಿನ ಹುಳುಗಳು, ಬೆಳೆಯ ಕೀಟಗಳನ್ನು ತಿನ್ನುವ ದುಂಬಿಗಳು. ಸೊಳ್ಳೆ ಬರುವುದು ನಮ್ಮ ಉಸಿರು ಮತ್ತು ಬೆವರಿನ ವಾಸನೆಗೆ. ನೀಲಿ ದೀಪಕ್ಕೆ ಅದು ಸೋಲುವುದಿಲ್ಲ.

ದೀಪವನ್ನೇ ಬದಲಿಸಿ. ಹುಳುಗಳು ದೀಪದ ಆಸೆಗೆ ಬರುತ್ತವೆ ಎಂದು ಬಹಳ ಕಾಲ ನಂಬಿದ್ದೆವು. 2024ರಲ್ಲಿ ಅತಿವೇಗದ ಕ್ಯಾಮೆರಾದಲ್ಲಿ ಹಿಡಿದು ನೋಡಿದವರು ಬೇರೆಯೇ ಕಾರಣ ಕೊಟ್ಟರು: ಹಾರುವ ಹುಳು ಬೆಳಕು ಇರುವ ಕಡೆಯೇ ಆಕಾಶ ಎಂದು ಬೆನ್ನನ್ನು ಅದಕ್ಕೆ ತಿರುಗಿಸುತ್ತದೆ. ದೀಪ ಪಕ್ಕದಲ್ಲಿದ್ದರೆ ಮೈ ಓರೆಯಾಗಿ ಅದರ ಸುತ್ತಲೇ ಸುತ್ತುತ್ತಾ ಸಿಕ್ಕಿಬೀಳುತ್ತದೆ. ಬಾಗಿಲ ಹೊರಗಿನ ಬಿಳಿ ದೀಪ ತೆಗೆದು ಹಳದಿ ಬಣ್ಣದ್ದು ಹಾಕಿ, ಮಳೆ ಬಂದ ಸಂಜೆ ಎರಡು ತಾಸು ಅದನ್ನೂ ಆರಿಸಿ. ಹುಳು ಬರದಿದ್ದರೆ ಜೇಡವೂ ಆ ಬಾಗಿಲ ಬಳಿ ಬಲೆ ಕಟ್ಟುವುದಿಲ್ಲ, ಒಂಟಿಕಿಟಕಿಯವರಿಗೂ ಇದು ಉಪಯೋಗ.

ನೀರಿನ ಬಗ್ಗೆ ಮೇಷ್ಟ್ರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಈಡಿಸ್ ಮೊಟ್ಟೆ ಇಡುವುದು ನೀರಿನ ಒಳಗಲ್ಲ, ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಪಾತ್ರೆಯ ಗೋಡೆಗೆ ಅಂಟಿಸಿ. ಕಣ್ಣಿಗೆ ಕರಿ ಧೂಳಿನ ಚುಕ್ಕೆಯಂತೆ ಕಾಣುತ್ತದೆ. ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಡ್ರಮ್ಮಿನ ನೀರು ಚೆಲ್ಲಿ ಮತ್ತೆ ತುಂಬಿಸಿದರೆ ಆ ಮೊಟ್ಟೆಗಳಿಗೆ ನೀವೇ ನೀರು ಕೊಟ್ಟಂತೆ. ಖಾಲಿ ಮಾಡಿದ ಮೇಲೆ ಒಳಗೋಡೆಯನ್ನು ಬ್ರಷ್ಷಿನಿಂದ ಬಲವಾಗಿ ಉಜ್ಜಲೇಬೇಕು, ವಾರಕ್ಕೊಮ್ಮೆ. ಖಾಲಿ ಮಾಡಲಾಗದ ಕೊಳಕ್ಕೆ ಬಿಟಿಐ ಎಂಬ ಬ್ಯಾಕ್ಟೀರಿಯಾದ ಪುಡಿ ಸಿಗುತ್ತದೆ, ಸೊಳ್ಳೆ ಮತ್ತು ಅದರ ಹತ್ತಿರದ ಕೆಲವು ನೊಣಗಳ ಮರಿಗಳಿಗೆ ಮಾರಕ, ಮೀನಿಗೆ ತೊಂದರೆ ಇಲ್ಲ.

ಜೇಡನ ಶತ್ರುವಿನ ಬಗ್ಗೆಯೂ ಹೇಳಿಬಿಡುತ್ತೇನೆ. ಸೆಕೆಗಾಲದಲ್ಲಿ ಗೋಡೆಗೆ ಮಣ್ಣಿನ ಗೂಡು ಮೆತ್ತುವ, ದಾರದಂಥ ಸೊಂಟದ ಕುಂಬಾರ ಕಣಜವನ್ನು ಎಲ್ಲರೂ ನೋಡಿದ್ದೀರಿ. ಹೊಸದಾಗಿ ಮುಚ್ಚಿದ ಗೂಡೊಂದನ್ನು ಮೆಲ್ಲಗೆ ಒಡೆದು ನೋಡಿ. ಒಂದೊಂದು ಕೋಣೆಯಲ್ಲೂ ಹತ್ತಾರು ಪುಟ್ಟ ಜೇಡಗಳನ್ನು ಒತ್ತೊತ್ತಾಗಿ ತುಂಬಿರುತ್ತದೆ. ಸತ್ತಿರುವುದಿಲ್ಲ. ಕುಟುಕಿ ಕದಲದಂತೆ ಮಾಡಿರುತ್ತದೆ. ಮರಿ ಹೊರಬಂದು ಒಂದೊಂದಾಗಿ ತಿನ್ನುವವರೆಗೂ ಕೊಳೆಯಬಾರದಲ್ಲ. ಈ ಕಣಜ ನಮ್ಮ ಮೈಮೇಲೆ ಏರಿ ಬರುವಂಥದ್ದಲ್ಲ. ಆದರೆ ಅದು ಕೊಳವೆ, ತೂತುಗಳಲ್ಲಿ ಮಣ್ಣು ತುಂಬದಂತೆ ನೋಡಿಕೊಳ್ಳಬೇಕು. 1996ರ ಫೆಬ್ರವರಿಯಲ್ಲಿ ಡೊಮಿನಿಕನ್ ಗಣರಾಜ್ಯದ ಕರಾವಳಿಯಲ್ಲಿ 189 ಜನರಿದ್ದ ವಿಮಾನ ಸಮುದ್ರಕ್ಕೆ ಬಿದ್ದಾಗ, ವೇಗ ಅಳೆಯುವ ಕೊಳವೆಯೊಳಗೆ ಇಂಥ ಕಣಜವೇ ಗೂಡು ಕಟ್ಟಿರಬೇಕು ಎಂದು ತನಿಖೆ ಮಾಡಿದವರು ಶಂಕಿಸಿದರು.

ಮಾಳಿಗೆಮನೆ:

ಎಲ್ಲರಿಗೂ ನಮಸ್ಕಾರ. ಸೊಳ್ಳೆಯ ಕಾಲಲ್ಲಿ ಬಿಳಿ ಪಟ್ಟೆ ಇದೆ. ಮಹಡಿಯ ಡ್ರಮ್ಮಿನಲ್ಲಿ ಮರಿಗಳು ಕುಣಿಯುತ್ತಿದ್ದವು. ಖಾಲಿ ಮಾಡಿ ಉಜ್ಜಿ ಬೋರಲು ಹಾಕಿದ್ದೇವೆ. ತೊಟ್ಟಿಯ ಗಾಳಿ ಕೊಳವೆಗೆ ಜಾಲರಿ ಕಟ್ಟಿಸಬೇಕು.

ಇವತ್ತು ಜೇಡವನ್ನು ಟಾರ್ಚು ಹಿಡಿದು ಸರಿಯಾಗಿ ನೋಡಿದೆ. ಒಂದರ ಹೊಟ್ಟೆಯ ಕೆಳಗೆ ಬಿಳಿಯ, ಚಪ್ಪಟೆಯಾದ, ಗುಂಡನೆಯ ಬಿಲ್ಲೆ ಇದೆ, ಅದನ್ನು ತಬ್ಬಿಕೊಂಡೇ ಓಡುತ್ತದೆ. ಏನದು? ಇನ್ನೊಂದು ವಿಷಯ: ಉದುರಿದ ರೆಕ್ಕೆಗಳಲ್ಲಿ ಬಹಳಷ್ಟು ಬಿದ್ದಿರುವುದು ದೀಪದ ಕೆಳಗಲ್ಲ, ಮಲಗುವ ಕೋಣೆಯ ಬಾಗಿಲ ಚೌಕಟ್ಟಿನ ಬುಡದಲ್ಲಿ.

ಜೇಡನೋಟ:

ಅದು ಮೊಟ್ಟೆಯ ಚೀಲ. ತಾಯಿ ಜೇಡ ಮರಿಗಳು ಹೊರಬರುವವರೆಗೆ ಅದನ್ನು ಹೊತ್ತೇ ತಿರುಗುತ್ತದೆ. ಒಳಗೆ ನೂರಾರು ಮೊಟ್ಟೆ ಇರುತ್ತವೆ. ಅಷ್ಟೂ ಮರಿಗಳು ನಿಮ್ಮ ಮನೆಯಲ್ಲಿ ದೊಡ್ಡದಾಗುತ್ತವೆ ಎಂದು ಹೆದರಬೇಡಿ, ಹೆಚ್ಚಿನವು ಚದುರಿಹೋಗುತ್ತವೆ, ಇಲ್ಲವೇ ಬೇರೆಯವುಗಳಿಗೆ ಆಹಾರವಾಗುತ್ತವೆ. ಆದರೂ ಮಗು ಮಲಗುವ ಕೋಣೆ ಎಂದು ಮನಸ್ಸಿಗೆ ಕಸಿವಿಸಿ ಇದ್ದರೆ ಈಗಲೇ ಹೊರಗೆ ಬಿಡಿ. ಅಗಲ ಬಾಯಿಯ ಪಾರದರ್ಶಕ ಡಬ್ಬಿಯನ್ನು ಗೋಡೆಗೆ ನಿಧಾನವಾಗಿ ಒತ್ತಿ, ಕಾಲು ಸಿಕ್ಕಿಕೊಳ್ಳದಂತೆ ನೋಡಿ, ಗಟ್ಟಿ ಕಾಗದವನ್ನು ಗೋಡೆ ಮತ್ತು ಡಬ್ಬಿಯ ನಡುವೆ ಜಾರಿಸಿ. ಪೊದೆಯ ಬುಡದಲ್ಲಿ, ನೆರಳಿನಲ್ಲಿ ಬಿಡಿ.

ಒಂಟಿಕಿಟಕಿಯವರೇ, ನಿಮಗೆ ಕೊಟ್ಟ ಮಾತು ನೆನಪಿದೆ. ಇಂಥ ಭಯಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಸ್ವೀಡನ್ನಿನ ಮನೋವಿಜ್ಞಾನಿ ಲಾರ್ಸ್ ಯೋರಾನ್ ಓಸ್ಟ್ 1989ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಎಲ್ಲವೂ ಒಂದೇ ಭೇಟಿಯಲ್ಲಿ, ಹೆಚ್ಚೆಂದರೆ ಮೂರು ಗಂಟೆಯಲ್ಲಿ ನಡೆಯುತ್ತದೆ. ಚಿಕಿತ್ಸಕರ ಜೊತೆಗೆ, ನೀವು ಒಪ್ಪಿದಷ್ಟೇ, ಹಂತ ಹಂತವಾಗಿ ಜೇಡದ ಹತ್ತಿರ ಹೋಗುವುದು. ಬಹಳ ಜನಕ್ಕೆ ಗುಣವಾಗಿದೆ. ಅಲ್ಲಿಯವರೆಗೆ ಬಾಗಿಲಡಿಯ ಸಂದಿಗೆ ಬ್ರಷ್ ಪಟ್ಟಿ, ಕಿಟಕಿಗೆ 1.2 ಮಿಲಿಮೀಟರ್ ಕಣ್ಣಿನ ಜಾಲರಿ, ಗೋಡೆಯಿಂದ ಒಂದು ಗೇಣು ದೂರ ಎಳೆದ ಮಂಚ. ನಿಂಬೆ ಎಣ್ಣೆ ಜೇಡವನ್ನು ಓಡಿಸುವುದಿಲ್ಲ. 2018ರಲ್ಲಿ ಪರೀಕ್ಷಿಸಿದವರಿಗೆ ಅದರಿಂದ ಏನೂ ಫಲ ಕಾಣಲಿಲ್ಲ. ಪುದೀನಾ ಎಣ್ಣೆ ಕೆಲವು ಜಾತಿಗಳ ಮೇಲೆ ಕೆಲಸ ಮಾಡಿತು.

ಒಂಟಿಕಿಟಕಿ:

ನನ್ನ ಭಯಕ್ಕೆ ಯಾರೂ ನಗದೆ ಉತ್ತರ ಕೊಟ್ಟದ್ದು ಇದೇ ಮೊದಲು. ಮನೋವೈದ್ಯರನ್ನು ವಿಚಾರಿಸುತ್ತೇನೆ. ಬ್ರಷ್ ಪಟ್ಟಿ ಇವತ್ತೇ ಹಾಕಿಸುತ್ತೇನೆ.

ಹಳೆಯಶಾಲೆ:

ಜೇಡ ಮತ್ತು ಸೊಳ್ಳೆಯ ಮಾತು ಬಂದದ್ದರಿಂದ ಒಂದು ನೆನಪಾಯಿತು. 2010ರಲ್ಲಿ ಪಾಕಿಸ್ತಾನದ ಸಿಂಧ್ ಪ್ರಾಂತದಲ್ಲಿ ಮಹಾಪ್ರವಾಹ ಬಂದು ನೀರು ತಿಂಗಳುಗಟ್ಟಲೆ ಇಳಿಯಲಿಲ್ಲ. ನೆಲದ ಜೇಡಗಳೆಲ್ಲ ಮರ ಹತ್ತಿದವು. ಇಡೀ ಮರಗಳು ಬಲೆಯಿಂದ ಮುಚ್ಚಿ ಬಿಳಿಯಾಗಿದ್ದ ಚಿತ್ರಗಳು ಆಗ ಎಲ್ಲೆಡೆ ಬಂದಿದ್ದವು. ಅಷ್ಟು ನಿಂತ ನೀರಿದ್ದರೂ ಸೊಳ್ಳೆ ನಿರೀಕ್ಷಿಸಿದ್ದಕ್ಕಿಂತ ಕಡಿಮೆ ಇದೆ ಎಂದು ಅಲ್ಲಿನ ಜನ ಹೇಳಿದರು.

ಮುಂದಿನ ವಾರ ಮಳೆ ಎಂದಿದ್ದೀರಿ. ಭಾರಿ ಮಳೆಯಾದರೆ ಇರುವ ಮರಿಗಳು ಕೊಚ್ಚಿಹೋಗುತ್ತವೆ, ಬಿಟ್ಟು ಬಿಟ್ಟು ಹನಿದರೆ ಮಾತ್ರ ಕಷ್ಟ. ಹನಿ ಹೊಡೆದು ಸೊಳ್ಳೆ ಸಾಯುವುದಿಲ್ಲವೇ ಎಂದು ಹುಡುಗರು ತರಗತಿಯಲ್ಲಿ ಕೇಳುತ್ತಿದ್ದರು. ಒಂದು ಹನಿ ಸೊಳ್ಳೆಗಿಂತ 50 ಪಟ್ಟು ಭಾರವಿರಬಹುದು, ಆದರೂ ಸೊಳ್ಳೆ ಅಷ್ಟು ಹಗುರವಾದ್ದರಿಂದ ಹನಿಯ ಹೊಡೆತ ಅದರ ಮೇಲೆ ನಿಲ್ಲುವುದೇ ಇಲ್ಲ. ಹನಿಯ ಜೊತೆ ಸ್ವಲ್ಪ ಕೆಳಗೆ ಜಾರಿ ಪಕ್ಕಕ್ಕೆ ಕಳಚಿಕೊಂಡು ಹಾರುತ್ತದೆ.

ಪಂಪುಹೊತ್ತವ:

ಮಾಳಿಗೆಮನೆ ಅಕ್ಕ, ಚೌಕಟ್ಟಿನ ಬುಡದ ರೆಕ್ಕೆಯ ವಿಷಯವನ್ನು ಎಲ್ಲರೂ ದಾಟಿ ಹೋದರು. ನಿಮ್ಮ ಮನೆಯಲ್ಲಿ ಔಷಧಿ ಬೇಕಾಗಬಹುದಾದ ಜಾಗ ಅದೊಂದೇ.

ದೀಪದ ಕೆಳಗೆ ಬಿದ್ದ ರೆಕ್ಕೆ ಹೊರಗಿನದು. ದೀಪವಿಲ್ಲದ ಚೌಕಟ್ಟಿನ ಬುಡದಲ್ಲಿ ರಾಶಿ ಬಿದ್ದಿದ್ದರೆ ಅವು ಆ ಮರದೊಳಗಿನಿಂದಲೇ ಹೊರಟಿರಬಹುದು. ಸ್ಕ್ರೂಡ್ರೈವರಿನ ಹಿಡಿಯಿಂದ ಚೌಕಟ್ಟನ್ನು ಕೆಳಗಿನಿಂದ ಮೇಲಕ್ಕೆ ತಟ್ಟುತ್ತಾ ಬನ್ನಿ. ಟೊಳ್ಳು ಸದ್ದು ಬಂದ ಕಡೆ ತುದಿಯಿಂದ ಒತ್ತಿ. ಬಣ್ಣದ ಪದರ ಕುಸಿದು ಒಳಗೆ ಮಣ್ಣು ಕಂಡರೆ ಗೆದ್ದಲು ಇದೆ. ಗೋಡೆಯ ಬುಡ, ಬೀರುವಿನ ಹಿಂದೆ, ಸ್ವಿಚ್ಚಿನ ಪೆಟ್ಟಿಗೆಯ ಸುತ್ತ ಪೆನ್ಸಿಲ್ ದಪ್ಪದ ಮಣ್ಣಿನ ಸುರಂಗ ಹುಡುಕಿ. ಸಿಕ್ಕರೆ ಪೂರ್ತಿ ಕೆರೆಯಬೇಡಿ. ಮಧ್ಯದಲ್ಲಿ ಒಂದು ಅಂಗುಲ ಮಾತ್ರ ಒಡೆದು, ಪಕ್ಕದಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ. ಕೆಲವು ದಿನದಲ್ಲಿ ಅದು ಹಸಿ ಮಣ್ಣಿನಿಂದ ಮತ್ತೆ ಮುಚ್ಚಿದ್ದರೆ ಒಳಗೆ ಜೀವಂತವಾಗಿವೆ ಎಂದು ಅರ್ಥ. ಆಗ ಚೌಕಟ್ಟು ಮತ್ತು ನೆಲ ಸೇರುವ ಜಾಗದಲ್ಲಿ ತೂತು ಕೊರೆದು ಒಳಕ್ಕೆ ಮದ್ದು ಇಳಿಸುವವರನ್ನು ಕರೆಸಿ. ಮೇಲೆ ಮೇಲೆ ಸಿಂಪಡಿಸಿ ಹೋಗುವವರು ಬಂದರೆ ವಾಪಸು ಕಳುಹಿಸಿ. ಆ ಕೋಣೆಯಲ್ಲಿ ಮದ್ದು ಒಣಗಿ ವಾಸನೆ ಹೋಗುವವರೆಗೆ ಮಗುವನ್ನೂ ಅತ್ತೆಯವರನ್ನೂ ಬೇರೆ ಕೋಣೆಯಲ್ಲಿ ಮಲಗಿಸಿ.